ಬಂಡೀಪುರಕ್ಕೆ ಫೆಬ್ರವರಿ ಬಂದ್ರೆ ಬೆಂಕಿ ಯಾಕೆ?

ಹಳೇಬಸ್‌ಪಾಸ್:
ಮುಂದಿನ ತಿಂಗಳು ಗುಂಡ್ಲುಪೇಟೆ ಮೇಲೆ ಊಟಿಗೆ ಹೊರಟಿದ್ದೇವೆ. ಮನೆಯಲ್ಲಿ ಎಲ್ಲರೂ 2019ರ ಬೆಂಕಿ ನೆನಪು ಮಾಡಿಕೊಂಡು ಹೆದರಿಸುತ್ತಿದ್ದಾರೆ. ಅದು ಆ ಒಂದು ವರ್ಷದ ಗ್ರಹಚಾರವಾ, ಇಲ್ಲ ಆ ಕಾಡಿರೋದೇ ಹಾಗಾ? ಬಿದಿರಿಗೆ ಬಿದಿರು ಉಜ್ಜಿ ತಾನಾಗೇ ಹತ್ತಿಕೊಳ್ಳುತ್ತೆ ಅಂತಾರಲ್ಲ, ನಿಜವಾ?

ಪೇಟೆಹುಡುಗ:
ಬಿದಿರು ಉಜ್ಜೋ ಕತೆ ಬಿಡಿ ಸಾರ್. ಅಲ್ಲಿ ಬೀಳುವ ಬೆಂಕಿ ಹೆಚ್ಚುಕಮ್ಮಿ ಎಲ್ಲಾ ಮನುಷ್ಯರದ್ದೇ. ಬೀಡಿ ತುಂಡು, ಹೊಸ ಹುಲ್ಲು ಚಿಗುರಲಿ ಅಂತ ಹಚ್ಚೋದು, ಕೆಲವು ಸಲ ಅರಣ್ಯ ಇಲಾಖೆ ಮೇಲಿನ ಸಿಟ್ಟು. 2017ರಲ್ಲೂ ಬಿದ್ದಿತ್ತು, ಕಲ್ಕೆರೆ ವಲಯದಲ್ಲಿ ಒಬ್ಬ ಗಾರ್ಡ್ ಪ್ರಾಣ ಕಳೆದುಕೊಂಡರು. 2019ರದ್ದು ಫೆಬ್ರವರಿ ಮೂರನೇ ವಾರ ಶುರುವಾಗಿ, ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ಕಡೆಯೆಲ್ಲಾ ಹಬ್ಬಿ, ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟು, ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಟಿವಿಯಲ್ಲಿ ಕಂಡಿದ್ದು ಹೆಲಿಕಾಪ್ಟರ್. ನೆಲದ ಮೇಲೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬೆಂಕಿ ಬಡಿದವರು ಇಲಾಖೆಯ ಕಾವಲಿನ ವಾಚರ್‌ಗಳು.

ತರಗೆಲೆ:
ಹಚ್ಚಿದ್ದು ಯಾರು ಅನ್ನೋದಷ್ಟೇ ಅಲ್ಲ, ಉರಿದಿದ್ದು ಏನು ಅಂತಲೂ ನೋಡಿ. ಎಲೆ ಉದುರಿಸುವ ಒಣ ಕಾಡು ಅದು. ಮೊದಲು ಬೆಂಕಿ ಬಿದ್ದರೂ ತರಗು, ಹುಲ್ಲು ಸುಟ್ಟು ಮೊಣಕಾಲೆತ್ತರದಲ್ಲೇ ಸಾಗಿಹೋಗುತ್ತಿತ್ತು. ಈಗ ಕೆಳಗೆಲ್ಲಾ ಲಂಟಾನ, ಬ್ರಿಟಿಷರು ಅಂದಕ್ಕೆ ತಂದ ಗಿಡ, ಆಳೆತ್ತರ ಬೆಳೆದು ಮರದ ಕೊಂಬೆಗೇ ಏಣಿ ಹಾಕುತ್ತೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಚಳಿ ಮುಗಿಯೋ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ತರಗು ಬೆಂಕಿ, ಅಂದ್ರೆ ಉದುರಿದ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ, ಹಾಕುತ್ತಿದ್ದರು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಅದರಿಂದ ಹತೋಟಿಯಲ್ಲಿತ್ತು ಅಂತ ಹಿರಿಯರು ಹೇಳುತ್ತಾರೆ. 1974ರಲ್ಲಿ ಆ ಬೆಟ್ಟ ಅಭಯಾರಣ್ಯ ಆಯ್ತು, ಆ ಬೆಂಕಿ ನಿಂತಿತು, ಲಂಟಾನ ಏರಿತು.

ಮತ್ತಿಮರ:
ಅರ್ಧ ಒಪ್ಪುತ್ತೇನೆ. ಆದರೆ ಇದನ್ನು ಓದಿ ಯಾರಾದರೂ "ಬೆಂಕಿ ಒಳ್ಳೇದೇ" ಅಂದುಬಿಟ್ಟರೆ ಕಷ್ಟ. ದಪ್ಪ ತೊಗಟೆಯ ಮತ್ತಿಯಂಥ ದೊಡ್ಡ ಮರಗಳು ಹೇಗೋ ತಡೆದುಕೊಳ್ಳುತ್ತವೆ, ಸಸಿಗಳು ಎಲ್ಲಿ ಉಳಿಯುತ್ತವೆ? ವರ್ಷಾ ವರ್ಷಾ ಸುಟ್ಟರೆ ಮುಂದಿನ ಮರ ಎಲ್ಲಿಂದ ಬರಬೇಕು? ಇವತ್ತಿನ ಲಂಟಾನದ ನಡುವೆ ಹಳೇ ಲೆಕ್ಕದ ತರಗು ಬೆಂಕಿ ಹಾಕಿದರೂ ಅದು ನೆಲದಲ್ಲಿ ನಿಲ್ಲಲ್ಲ. ಮೊದಲು ಬೇರು ಸಮೇತ ಕಿತ್ತು ಹಾಕಬೇಕು, ಅದೂ ಒಂದು ಸಲಕ್ಕೆ ಮುಗಿಯೋ ಕೆಲಸ ಅಲ್ಲ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತೆ.

ತರಗೆಲೆ:
ಕಿತ್ತು ಹಾಕೋಕೆ ಆ ಕಾಡು ಗೊತ್ತಿರೋ ಸೋಲಿಗರನ್ನೇ, ಜೇನುಕುರುಬರನ್ನೇ ವರ್ಷಪೂರ್ತಿ ಕೂಲಿ ಕೊಟ್ಟು ಇಟ್ಟುಕೊಳ್ಳಲಿ. ಬೇಸಿಗೆ ಮೂರು ತಿಂಗಳಿಗೆ ಮಾತ್ರ ಫೈರ್ ವಾಚರ್ ಅಂತ ಕರೆದರೆ ಏನು ಪ್ರಯೋಜನ?

ಪೇಟೆಹುಡುಗ:
ಹಳೇಬಸ್‌ಪಾಸ್ ಅವರೇ, ನೀವು ಸುಮ್ನೆ ಹೋಗಿ ಬನ್ನಿ. ರಸ್ತೆ ಅಂಚು ಉದ್ದಕ್ಕೂ ಕಪ್ಪಾಗಿ ಕಂಡರೆ ಗಾಬರಿ ಬೇಡ, ಅದು ಬೆಂಕಿ ದಾಟದ ಹಾಗೆ ಇಲಾಖೆಯವರೇ ಮುಂಚೆ ಸುಟ್ಟಿಟ್ಟ ಬೆಂಕಿ ರೇಖೆ. ರಾತ್ರಿ 9ಕ್ಕೆ ಗೇಟ್ ಹಾಕುತ್ತಾರೆ, ಅಷ್ಟರೊಳಗೆ ದಾಟಿಕೊಳ್ಳಿ.