ಸಿಸೇರಿಯನ್ ನಂತರ ಫ್ರೀಜ್ ಮಾಡಿಸಿಟ್ಟ ಭ್ರೂಣಗಳ ವರ್ಗಾವಣೆ: ಎಷ್ಟು ಕಾಯಬೇಕು?

ಪ್ರಶ್ನೆ:
ಐವಿಎಫ್ ಮೂಲಕ ಹುಟ್ಟಿದ ನಮ್ಮ ಮೊದಲ ಮಗುವಿನ ಹೆರಿಗೆ ಸಿಸೇರಿಯನ್ ಆಗಿತ್ತು. ಉಳಿದ ಎರಡು ಭ್ರೂಣಗಳನ್ನು ಫ್ರೀಜ್ ಮಾಡಿಸಿಟ್ಟಿದ್ದೇವೆ. ಮಗುವಿಗೆ ಈಗ ಒಂದು ವರ್ಷ ತುಂಬಿದೆ. ನನಗೆ 38 ವರ್ಷವಾದ್ದರಿಂದ ತಡಮಾಡಬಾರದೆಂಬ ಆತುರವಿದೆ. ಎರಡನ್ನೂ ಒಟ್ಟಿಗೇ ಗರ್ಭಕೋಶಕ್ಕೆ ವರ್ಗಾಯಿಸಿದರೆ ಅಲೆದಾಟ ತಪ್ಪುತ್ತದೆ ಎಂಬುದು ಮನೆಯವರ ಅಭಿಪ್ರಾಯ. ಇತ್ತೀಚೆಗೆ ಮುಟ್ಟಿನ ದಿನಗಳು ಮುಗಿದ ಮೇಲೂ ಕಂದು ಬಣ್ಣದ ಸ್ರಾವ ಕಾಣಿಸುತ್ತಿದೆ. ಇದಕ್ಕೂ ಹಳೆಯ ಹೊಲಿಗೆಗೂ ಸಂಬಂಧವಿರಬಹುದೇ?

ಉತ್ತರ 1:
ಸಂಬಂಧವಿರುವ ಸಾಧ್ಯತೆಯಿದೆ, ಆದ್ದರಿಂದ ವರ್ಗಾವಣೆಯ ದಿನಾಂಕ ಗೊತ್ತುಮಾಡುವ ಮೊದಲೇ ವೈದ್ಯರಿಗೆ ಅದನ್ನು ತಿಳಿಸಿ. ಸಿಸೇರಿಯನ್ ಗಾಯ ಕೂಡಿಕೊಂಡ ಜಾಗದಲ್ಲಿ ಕೆಲವರಿಗೆ ಗರ್ಭಕೋಶದ ಗೋಡೆ ಒಳಗಡೆ ತಗ್ಗಾಗಿ ಉಳಿಯುತ್ತದೆ. ಇಸ್ತಮೋಸೀಲ್ ಎಂದು ಕರೆಯುವ ಈ ತಗ್ಗಿನಲ್ಲಿ ಮುಟ್ಟಿನ ರಕ್ತ ನಿಂತು, ನಿಧಾನವಾಗಿ ಹೊರಬರುವಾಗ ನೀವು ಹೇಳಿದಂಥ ಸ್ರಾವ ಕಾಣಿಸುತ್ತದೆ. ಅದೇ ದ್ರವ ಗರ್ಭಕೋಶದೊಳಗೆ ಸೇರಿಕೊಂಡರೆ ಭ್ರೂಣ ಅಂಟಿಕೊಳ್ಳಲು ಅಡ್ಡಿಯಾಗಬಹುದು. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ, ಅಗತ್ಯಬಿದ್ದರೆ ಸಲೈನ್ ತುಂಬಿಸಿ ನೋಡಿದಾಗ, ತಗ್ಗಿನ ಆಳವೂ ಅಲ್ಲಿ ಉಳಿದಿರುವ ಸ್ನಾಯುವಿನ ದಪ್ಪವೂ ತಿಳಿಯುತ್ತವೆ. ತಗ್ಗಿದ್ದ ಮಾತ್ರಕ್ಕೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಇನ್ನು ಆತುರದ ವಿಚಾರ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿರುವ ಭ್ರೂಣಗಳಿಗೆ ವಯಸ್ಸಾಗುವುದಿಲ್ಲ. ಅಂಡಾಣು ತೆಗೆದಾಗ ನಿಮಗಿದ್ದ ವಯಸ್ಸೇ ಅವುಗಳಿಗೆ ಲೆಕ್ಕ. ಹೆರಿಗೆಯ ನಂತರ ಮುಂದಿನ ಗರ್ಭಧಾರಣೆಗೆ ಪ್ರಯತ್ನಿಸುವ ಮುನ್ನ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ನಿಮ್ಮ ವಯಸ್ಸನ್ನು ಗಮನಿಸಿ ವೈದ್ಯರು ಇದನ್ನು ಸ್ವಲ್ಪ ಸಡಿಲಿಸಬಹುದು, ಆದರೆ ಆ ತೀರ್ಮಾನ ಸ್ಕ್ಯಾನ್ ನೋಡಿದ ಮೇಲೆ ಆಗಬೇಕಾದದ್ದು.

ಉತ್ತರ 2:
ಎರಡನ್ನೂ ಒಟ್ಟಿಗೆ ವರ್ಗಾಯಿಸುವುದು ಬೇಡವೆಂದೇ ನನ್ನ ಸ್ಪಷ್ಟ ಅಭಿಪ್ರಾಯ. ಅವಳಿಗಳಾದರೆ ಅವಧಿಗೆ ಮುನ್ನ ಹೆರಿಗೆಯಾಗುವ ಮತ್ತು ತಾಯಿಯ ರಕ್ತದೊತ್ತಡ ಏರುವ ಸಂಭವ ಹೆಚ್ಚು; ಹೊಲಿಗೆಯಿರುವ ಗರ್ಭಕೋಶವೂ ಇನ್ನಷ್ಟು ಹಿಗ್ಗಬೇಕಾಗುತ್ತದೆ. ಅಲೆದಾಟ ತಪ್ಪುತ್ತದೆ ಎನ್ನುವವರು ದಿನ ತುಂಬದೆ ಹುಟ್ಟಿದ ಎರಡು ಶಿಶುಗಳ ಆರೈಕೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ (ಮನೆಯವರು ಬೇಸರಿಸಬಾರದು). ನಿಮ್ಮ ಮುಟ್ಟು ನಿಯಮಿತವಾಗಿದ್ದರೆ, ಹಾರ್ಮೋನ್ ಮಾತ್ರೆಗಳಿಂದ ಗರ್ಭಕೋಶದ ಒಳಪದರ ಬೆಳೆಸುವ ಬದಲು ಸಹಜ ಅಂಡೋತ್ಪತ್ತಿಯ ಚಕ್ರದಲ್ಲೇ ವರ್ಗಾವಣೆ ಸಾಧ್ಯವೇ ಎಂದು ಕೇಳಿ. ಸಹಜ ಚಕ್ರದಲ್ಲಿ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯ ರಕ್ತದೊತ್ತಡ ಏರಿ ಅಂಗಾಂಗಗಳಿಗೆ ತೊಂದರೆಯಾಗುವ ಸ್ಥಿತಿ) ಕಡಿಮೆ ಕಂಡುಬಂದಿದೆ.

ಉತ್ತರ 3:
ಮಗುವಿಗೆ ಇನ್ನೂ ಎದೆಹಾಲು ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಗರ್ಭ ನಿಂತ ಮೇಲೆ 6–7ನೆಯ ವಾರದಲ್ಲೇ ಸ್ಕ್ಯಾನ್ ಮಾಡಿಸಿ, ಭ್ರೂಣ ಹಳೆಯ ಗಾಯದ ಜಾಗದಲ್ಲಿ ಬೇರೂರಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅದು ಅಪರೂಪ, ಆದರೆ ತಡವಾಗಿ ತಿಳಿದರೆ ಜೀವಕ್ಕೇ ಅಪಾಯ. ಮುಂದಿನ ಸ್ಕ್ಯಾನ್‌ಗಳಲ್ಲಿ ಮಾಸು ಆ ಗಾಯದ ಮೇಲೆ ಕುಳಿತಿದೆಯೇ ಎಂಬುದನ್ನೂ ನೋಡಿಸಬೇಕು.