ಬಾಟಲಿ ಲೇಬಲ್‌ಗೆ ಕೈಬರಹದಂಥ ಫಾಂಟ್: ಬಳಸಿದವರು ಹೇಳಿ

ಶ್ರೀನಿವಾಸಪುರದಿಂದ: ಮನೆಯಲ್ಲೇ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಲೇಬಲ್ ಮೇಲಿನ ಅಕ್ಷರ ಕೈಯಲ್ಲಿ ಬರೆದ ಹಾಗೆ ಕಾಣಬೇಕು ಅಂತ ಆಸೆ. ಯಾವ ಫಾಂಟ್ ಒಳ್ಳೆಯದು? ಇಡೀ ಲೇಬಲ್‌ಗೆ ಅದನ್ನೇ ಹಾಕಬಹುದಾ?

ತುಮಕೂರಿನಿಂದ: ಅಕ್ಕಾ, ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಇಡೀ ಲೇಬಲ್‌ಗೆ ಬೇಡ. ‘ಮಾವಿನಕಾಯಿ ಉಪ್ಪಿನಕಾಯಿ’ ಅನ್ನೋ ಹೆಸರೊಂದು ದೊಡ್ಡದಾಗಿ ಆ ಫಾಂಟ್‌ನಲ್ಲಿ ಬರಲಿ. ಪದಾರ್ಥಗಳು, ತೂಕ, ತಯಾರಿಸಿದ ತಾರೀಕು, ಆಹಾರ ಮಾರಾಟಕ್ಕೆ ಸರ್ಕಾರದಿಂದ ಸಿಗುವ ಎಫ್‌ಎಸ್‌ಎಸ್‌ಎಐ ನಂಬರ್ ಎಲ್ಲ ನೋಟೊ ಸ್ಯಾನ್ಸ್ ಕನ್ನಡದಂಥ ಸಾದಾ ಫಾಂಟ್‌ನಲ್ಲಿರಲಿ. ಕೊಳ್ಳುವವರು ಅದನ್ನು ಓದಲೇಬೇಕು ಅಲ್ವಾ?

ಕನ್ನಡದಲ್ಲಿ ತೊಂದರೆ ಶುರುವಾಗುವುದು ಒತ್ತಕ್ಷರದಲ್ಲಿ. ‘ಉಪ್ಪಿನಕಾಯಿ’ ಕೆಳಗೆ ಊರಿನ ಹೆಸರು ಹಾಕಿ ನೋಡಿ. ಮೇಲಿನ ಸಾಲಿನ ಪ ಒತ್ತು ಇಳಿದು ‘ನಿ’ಯ ಗುಡಿಸಿಗೆ ತಾಗುತ್ತದೆ. ಒತ್ತಿನ ಬಾಲ ಉದ್ದ ಇರುವ ಫಾಂಟ್ ಆದರೆ ಇನ್ನೂ ಜಾಸ್ತಿ. ಸಾಲುಗಳ ಮಧ್ಯೆ ಧಾರಾಳವಾಗಿ ಜಾಗ ಬಿಡಿ. ‘ಶುದ್ಧ’ ಅಂತ ಚಿಕ್ಕದಾಗಿ ಹಾಕಿದರೆ ಧ ಒತ್ತಿನ ಸೀಳು ಇಂಕಿನಲ್ಲಿ ಮುಚ್ಚಿಹೋಗಿ ‘ಶುದ್ದ’ ಅಂತ ಕಾಣುತ್ತದೆ. ಲೇಬಲ್ ಅಳತೆಯಲ್ಲೇ ಸಾದಾ ಹಾಳೆಯಲ್ಲಿ ಪ್ರಿಂಟ್ ತೆಗೆದು, ಬಾಟಲಿಗೆ ಸುತ್ತಿ, ಸ್ವಲ್ಪ ದೂರ ನಿಂತು ನೋಡಿ.

ಗೂಗಲ್ ಫಾಂಟ್ಸ್‌ನಲ್ಲಿ ಅಕಾಯ ಕನಡಕ ಅಂತ ಒಂದಿದೆ. ನನಗೆ ತುಂಬಾ ಇಷ್ಟ. ಉಚಿತ, ವ್ಯಾಪಾರಕ್ಕೂ ಬಳಸಬಹುದು. ಅದರಲ್ಲೇ ಇಂಗ್ಲಿಷ್ ಅಕ್ಷರಗಳೂ ಇರುವುದರಿಂದ ಎರಡು ಭಾಷೆಯ ಹೆಸರೂ ಹೊಂದಿಕೊಳ್ಳುತ್ತವೆ. ಇರುವುದು ಒಂದೇ ದಪ್ಪ. ಬೋಲ್ಡ್ ಒತ್ತಬೇಡಿ, ಕಂಪ್ಯೂಟರ್ ಸುಮ್ನೆ ಗೆರೆ ಊದಿಸುತ್ತದೆ. ದಪ್ಪಗೆ, ಗುಂಡಗೆ ಬೇಕಿದ್ದರೆ ಬಾಲೂ ತಮ್ಮ 2 ಇದೆ. ಅದರಲ್ಲಿ ಐದು ದಪ್ಪಗಳಿವೆ, ಆದರೆ ಕೈಬರಹದ ಛಾಯೆ ಕಡಿಮೆ.

ಚಿಕ್ಕಬಳ್ಳಾಪುರದಿಂದ: ಇಂಗ್ಲಿಷ್ ಹೆಸರನ್ನು ಬ್ರಷ್ ಸ್ಕ್ರಿಪ್ಟ್ ಥರದ್ದರಲ್ಲಿ ಹಾಕುವುದಾದರೆ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್ ಇರಲಿ. 1942ರಲ್ಲಿ ಬಂದ ಆ ಫಾಂಟ್‌ನಲ್ಲಿ ಸಣ್ಣ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಅದೇ ಅದರ ಚಂದ. ಎಲ್ಲ ಕ್ಯಾಪಿಟಲ್ ಮಾಡಿದರೂ, ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದರೂ ಆ ಕೊಂಡಿ ತಪ್ಪುತ್ತದೆ.

ಕೋಲಾರದಿಂದ: ಒಂದೇ ಹೆಸರು ತಾನೇ? ನಿಜವಾಗಿಯೂ ಕೈಯಲ್ಲೇ ಬರೆಸಿ ಅಕ್ಕಾ. ನಮ್ಮ ಹಪ್ಪಳದ ಪ್ಯಾಕೆಟ್‌ಗೆ ಅತ್ತೆಯ ಕೈಲಿ ಬರೆಸಿದೆವು. ಬಿಳಿ ಹಾಳೆ, ದಪ್ಪ ಕಪ್ಪು ಮಾರ್ಕರ್, 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್, ಅಷ್ಟೇ. ನಿಮ್ಮ ಹೆಸರಿನಲ್ಲಿ ‘ಕಾಯಿ’ ಎರಡು ಸಲ ಬರುತ್ತದೆ ನೋಡಿ. ಸಾಮಾನ್ಯ ಫಾಂಟ್‌ನಲ್ಲಿ ಎರಡೂ ಅಚ್ಚು ಹೊಡೆದಂತೆ ಒಂದೇ. ಕೈಯಲ್ಲಿ ಬರೆದರೆ ಒಂದರ ದೀರ್ಘ ಚೂರು ಉದ್ದ, ಇನ್ನೊಂದರದು ಗಿಡ್ಡ. ನೋಡಿದವರಿಗೆ ಮನೆಯದು ಅಂತ ತಕ್ಷಣ ಗೊತ್ತಾಗುತ್ತದೆ.

ತುಮಕೂರಿನಿಂದ: ಇದು ನನಗೂ ಒಪ್ಪಿಗೆ, ಫಾಂಟ್‌ಗಿಂತ ಚೆನ್ನಾಗಿರುತ್ತದೆ. ಸ್ಕ್ಯಾನ್ ಮಾಡಿದ್ದನ್ನು ಕೋರೆಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಮಾಡಿಸಿಕೊಳ್ಳಿ, ಅಂದರೆ ಚಿತ್ರವನ್ನು ಗೆರೆಗಳಾಗಿ ಬದಲಾಯಿಸಿಕೊಳ್ಳಿ, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಉಳಿದ ಅಕ್ಷರಗಳನ್ನೂ ಹಾಗೇ ಬರೀ ಗೆರೆಗಳಾಗಿ ಬದಲಾಯಿಸಿ (ಇದಕ್ಕೆ ಕರ್ವ್ಸ್ ಮಾಡೋದು ಅಂತಾರೆ), ಪಿಡಿಎಫ್ ಕೊಡಿ. ಇಲ್ಲದಿದ್ದರೆ, ಪ್ರೆಸ್‌ನಲ್ಲಿ ಹಳೇ ಸಾಫ್ಟ್‌ವೇರ್ ಇದ್ದರೆ ಯೂನಿಕೋಡ್ ಒತ್ತಕ್ಷರಗಳು ಚದುರಿಹೋಗುತ್ತವೆ.