ನೀರು ಹೊಕ್ಕ ಮನೆಗೆ ಹೋಗುವ ಮೊದಲು: ವೈರಿಂಗ್ ಅಣ್ಣನಿಗೆ ಪ್ರಶ್ನೆಗಳು

ಅಡ್ಮಿನ್: ನಿನ್ನೆ ರಾತ್ರಿಯ ಗಾಳಿ-ಮಳೆಗೆ ಕಾಳಿ ಹೊಳೆ ದಡದ ಕೆಲವು ಮನೆಗಳಿಗೆ ನೀರು ಹೊಕ್ಕಿದೆ. ಮುಂಬೈ, ಬೆಂಗಳೂರಲ್ಲಿ ಇರುವ ನೆಂಟರು ಫೋನ್ ಮಾಡಿ "ನಮ್ಮನೆ ಸ್ವಲ್ಪ ನೋಡಿ ಬಾ" ಎನ್ನುತ್ತಿದ್ದಾರೆ. ಹೋಗುವವರು ಕರೆಂಟಿನ ವಿಷಯ ಮೊದಲು ಇಲ್ಲಿ ಕೇಳಿಕೊಳ್ಳಿ. ನಮ್ಮ ವೈರಿಂಗ್ ಅಣ್ಣ ಸಂಜೆಯವರೆಗೆ ಉತ್ತರ ಕೊಡುತ್ತಾರೆ.

ಸದಾಶಿವಗಡ ಅಕ್ಕ: ಅಣ್ಣ, ತಂಗಿ ಮನೆ ಫ್ರಿಜ್ ಬುಡಕ್ಕೆ ನೀರು ತಾಗಿದೆ. ಈಗ ಒಣಗಿದೆ. ಆನ್ ಮಾಡಬಹುದಾ?

ವೈರಿಂಗ್ ಅಣ್ಣ: ಬೇಡ ಅಕ್ಕ. ಕಂಪ್ರೆಸರ್ ಕೆಳಗೇ ಇರುವುದು. ಹೊರಗಿನಿಂದ ಒಣಗಿದ್ದು ಕಾಣುತ್ತದೆ, ಒಳಗಿನದ್ದು ಕಾಣುವುದಿಲ್ಲ. ರಿಪೇರಿಯವರು ಬಿಚ್ಚಿ ನೋಡಲಿ.

ಶಿರಸಿ ಭಟ್ರು: ಬಾವನ ತೋಟದ ಪಂಪಿನ ಸ್ಟಾರ್ಟರ್ ಪೆಟ್ಟಿಗೆ ನೆನೆದಿದೆ. ಬಿಸಿಲಿಗೆ ಇಟ್ಟರೆ ಸಾಕಾ?

ವೈರಿಂಗ್ ಅಣ್ಣ: ಸಾಲದು. ಮೋಟರಿಗೆ ಮೆಗ್ಗರ್ (ಒಳಗೆ ಕರೆಂಟ್ ಸೋರುತ್ತದೆಯಾ ನೋಡುವ ಮೀಟರ್) ಹಾಕಿಸಿ. 500 ವೋಲ್ಟಿನಲ್ಲಿ 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಚಾಲೂ ಮಾಡಬೇಡಿ, ಸುಟ್ಟುಹೋಗಬಹುದು.

ಕಡವಾಡದ ಸೊಸೆ (ಮುಂಬೈ): ಅಣ್ಣ, ನಮ್ಮ ಅತ್ತೆ ಮನೆ ಕಡವಾಡದಲ್ಲಿ, ಹೊಳೆ ಹತ್ತಿರ. ಬೀಗ ಹಾಕಿದ ಮನೆ. ಪಕ್ಕದ ಮನೆ ಹುಡುಗನ ಹತ್ತಿರ ಕೀಲಿ ಇದೆ. ಕಿಟಕಿಯಿಂದ ನೋಡಿದರೆ ಒಳಗೆ ಪಾದ ಮುಳುಗುವಷ್ಟು ನೀರು. ಮೆಟ್ಟಿಲ ಕೆಳಗಿನಿಂದ ಏನೋ ಟೀಂ ಟೀಂ ಎಂದು ಕೂಗುತ್ತಿದೆಯಂತೆ. ಊರಲ್ಲೆಲ್ಲ ಕರೆಂಟ್ ಇಲ್ಲ, ಹಾಗಾಗಿ ಭಯ ಇಲ್ಲ ಅಂತ ಒಳಗೆ ಹೊರಟಿದ್ದಾನೆ. ಹೋಗಲಾ ಎಂದು ಕೇಳುತ್ತಿದ್ದಾನೆ.

ವೈರಿಂಗ್ ಅಣ್ಣ: ಹೋಗಬಾರದು. ಮೊದಲು ಅವನಿಗೆ ಫೋನ್ ಮಾಡಿ, ಆಮೇಲೆ ಇದನ್ನು ಓದಿ.

ಕೂಗುತ್ತಿರುವುದು ಇನ್ವರ್ಟರ್. ಬ್ಯಾಟರಿ ಇಳಿಯುತ್ತಿದೆ ಎಂದು ಹೇಳುತ್ತಿದೆ. ಅಂದರೆ ಅದಿನ್ನೂ ಜೀವಂತ ಇದೆ. ಕಂಬದಲ್ಲಿ ಕರೆಂಟ್ ಇಲ್ಲ, ಆದರೆ ಆ ಮನೆಯ ವೈರಿನಲ್ಲಿ ಇದೆ. ಬ್ಯಾಟರಿಯ 12 ವೋಲ್ಟ್ ಯಾರನ್ನೂ ಕೊಲ್ಲುವುದಿಲ್ಲ, ಆದರೆ ಇನ್ವರ್ಟರ್ ಅದನ್ನು 230 ಮಾಡಿ ಲೈಟು, ಫ್ಯಾನಿನ ಲೈನಿಗೆ ಕಳಿಸುತ್ತದೆ. ಹೊರಗಿನ ಮೇನ್ ಇಳಿಸಿದರೂ ಅದು ನಿಲ್ಲುವುದಿಲ್ಲ. ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ, ಅದು ಚಾರ್ಜಿಂಗಿನ ಪ್ಲಗ್ ಅಷ್ಟೇ. ಇನ್ವರ್ಟರಿನದೇ ಸ್ವಿಚ್ ಆಫ್ ಮಾಡಬೇಕು, ಮತ್ತೆ ಅದು ನೀರಿನ ಆಚೆ ಇದೆ.

ಕಿಟಕಿಯಿಂದ ಒಂದು ಫೋಟೋ ತೆಗೆಸಿ. ಗೋಡೆಯ ಕೆಳಗಿನ ಪ್ಲಗ್ ಪಾಯಿಂಟ್ ನೀರಲ್ಲಿ ಇದೆಯಾ, ಬ್ಯಾಟರಿ ನೆಲದ ಮೇಲೆ ಇದೆಯಾ ಸ್ಟೂಲಿನ ಮೇಲೆ ಇದೆಯಾ, ನನಗೆ ಅಷ್ಟು ಬೇಕು.

ಬಿಣಗಾ ಬಾಬು: ಫಾರ್ವರ್ಡ್ ಬಂದಿದೆ: "ನೆನೆದ ಸ್ವಿಚ್ ಬೋರ್ಡಿಗೆ ಸೀಮೆಎಣ್ಣೆ ಒರೆಸಿ ಹೇರ್ ಡ್ರೈಯರ್ ಹಿಡಿದರೆ ಅರ್ಧ ಗಂಟೆಯಲ್ಲಿ ಸರಿ. ಎಲ್ಲರಿಗೂ ಕಳಿಸಿ."

ವೈರಿಂಗ್ ಅಣ್ಣ: ಹೇರ್ ಡ್ರೈಯರನ್ನು ಯಾವ ಕರೆಂಟಿನಲ್ಲಿ ಓಡಿಸುತ್ತೀರಿ? ಸೀಮೆಎಣ್ಣೆ ಹಚ್ಚಿದ ಬೋರ್ಡಿನಲ್ಲಿ ಒಂದು ಕಿಡಿ ಸಾಕು. ಯಾರಿಗೂ ಕಳಿಸಬೇಡಿ. ಕೆಸರು ಹೊಕ್ಕ ಸ್ವಿಚ್ಚು, ಎಂಸಿಬಿ ಬದಲಿಸುವುದೇ. ತೊಳೆದು ಹಾಕುವ ವಸ್ತು ಅಲ್ಲ.

ಕೋಡಿಬಾಗ ಮಾಮ: ಅಳಿಯನ ಮನೆ ಫ್ರಿಜ್ ಆನ್ ಮಾಡಬಹುದಾ?

ವೈರಿಂಗ್ ಅಣ್ಣ: ಮೇಲೆ ಓದಿ.

ಕಡವಾಡದ ಸೊಸೆ (ಮುಂಬೈ): ಫೋಟೋ ಹಾಕಿದ್ದೇನೆ. ಹುಡುಗ ಅಂಗಳದಲ್ಲೇ ನಿಂತಿದ್ದಾನೆ.

ವೈರಿಂಗ್ ಅಣ್ಣ: ನೋಡಿದೆ. ಇನ್ವರ್ಟರಿನ ಹಸಿರು ದೀಪದ ಪ್ರತಿಬಿಂಬ ನೀರಿನಲ್ಲಿ ಕಾಣುತ್ತಿದೆ. ಬ್ಯಾಟರಿ ಹಳೆ ಮರದ ಸ್ಟೂಲಿನ ಮೇಲೆ ಇದೆ, ಸ್ಟೂಲಿನ ಒಂದು ಕಾಲು ಕುಸಿದಿದೆ. ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ತೇಲುತ್ತಿದೆ, ಅದರ ವೈರು ಎಲ್ಲಿಗೆ ಹೋಗಿದೆ ಕಾಣುವುದಿಲ್ಲ. ಇದನ್ನು ನೋಡಿ ನನಗೇ ಧೈರ್ಯ ಇಲ್ಲ. ಬಾಗಿಲು ತೆಗೆಯುವುದೂ ಬೇಡ.

ಮಾಜಾಳಿ ಮಾಣಿ: ರಬ್ಬರ್ ಚಪ್ಪಲಿ ಹಾಕಿಕೊಂಡರೆ ಏನೂ ಆಗೋದಿಲ್ಲ ಅಲ್ವಾ?

ವೈರಿಂಗ್ ಅಣ್ಣ: ಪಾದ ನೀರಲ್ಲಿ ಇದೆ ಮಾರಾಯ. ಚಪ್ಪಲಿ ಅದರ ಕೆಳಗೆ ಇದ್ದು ಏನು ಪ್ರಯೋಜನ?

ಬಿಣಗಾ ಬಾಬು: ಇದೆಲ್ಲ ಕದ್ರಾ ಡ್ಯಾಮಿನ ಗೇಟಿನ ನೀರು. 2021ರ ಜುಲೈಯಲ್ಲೂ ಹೀಗೇ.

ಮಾಜಾಳಿ ಮಾಣಿ: ನಿನ್ನೆ ಗೇಟ್ ತೆಗೆದಿಲ್ಲ. ಅಲೆಯ ಏರು ಇತ್ತು, ಹೊಳೆ ನೀರು ಸಮುದ್ರಕ್ಕೆ ಇಳಿಯಲಿಲ್ಲ, ಅಷ್ಟೇ.

ಬಿಣಗಾ ಬಾಬು: ನೀನು ಹೋಗಿ ನೋಡಿದ್ದಾ? ಆ ವರ್ಷ ಮೇಯಲ್ಲಿ ತೌಕ್ತೆ ಗಾಳಿ, ಎರಡು ತಿಂಗಳಿಗೆ ಗೇಟಿನ ನೀರು. ಎರಡನ್ನೂ ಕಂಡವನು ನಾನು.

ಮಾಜಾಳಿ ಮಾಣಿ: ಕಂಡಿದ್ದು ಟಿವಿಯಲ್ಲಿ.

ಕೋಡಿಬಾಗ ಮಾಮ: ಅದು ಬಿಡಿ. ಮನೆಗೆ ಬೀಗ ಹಾಕಿ ಮುಂಬೈಯಲ್ಲಿ ಕೂತವರು ಪಕ್ಕದ ಮನೆ ಹುಡುಗನನ್ನು ನೀರಿಗೆ ಇಳಿಸುವುದು ಯಾವ ನ್ಯಾಯ? ಅವನಿಗೂ ತಾಯಿ ಇಲ್ವಾ?

ಕಡವಾಡದ ಸೊಸೆ (ಮುಂಬೈ): ಮಾಮ, ಅದಕ್ಕೇ ಅಲ್ವಾ ಕೇಳಿದ್ದು? ಹುಡುಗ ತಾನಾಗಿ ಹೋದ. ನಾವು ಬರೋಣ ಎಂದರೆ ಇವತ್ತು ಟಿಕೆಟ್ ಇಲ್ಲ.

ಕೋಡಿಬಾಗ ಮಾಮ: ಗಣಪತಿ ಹಬ್ಬಕ್ಕೆ ಮಾತ್ರ ಸಿಗುತ್ತದೆ ಟಿಕೆಟ್.

ಸದಾಶಿವಗಡ ಅಕ್ಕ: ಮಾಮ, ಸುಮ್ನೆ ಬಾಯಿ ಮುಚ್ಚಿ. ನಿಮ್ಮ ಮಗ ಎಲ್ಲಿದ್ದಾನೆ ನಮಗೂ ಗೊತ್ತು.

ಹಾರವಾಡ ತಂಗಿ: ಬಾವಿ ನೀರು ಉಪ್ಪಾಗಿದೆ, ಕುಡಿಯಬಹುದಾ? ಯಾರಾದರೂ ಹೇಳಿ.

ಬಿಣಗಾ ಬಾಬು: ಗೇಟು ತೆಗೆದಿದ್ದು ಸತ್ಯ, ಬರೆದಿಟ್ಟುಕೊಳ್ಳಿ.

ಅಡ್ಮಿನ್: ಗೇಟಿನ ಚರ್ಚೆ ನಿಲ್ಲಿಸಿ.

ಅಂಕೋಲೆ ಮಾಸ್ತರು: ನಮ್ಮ ಅಕ್ಕನ ಮನೆ ಹಿತ್ತಲಲ್ಲಿ ತೆಂಗಿನ ಮರ ಲೈನ್ ಮೇಲೆ ಒರಗಿದೆ. ಹೆಡೆ ಕಡಿಯಲು ಆಳು ಬರುತ್ತಾನಂತೆ.

ವೈರಿಂಗ್ ಅಣ್ಣ: ಆಳನ್ನು ತಡೆಯಿರಿ ಮಾಸ್ತರೇ. ಒದ್ದೆ ಹೆಡೆಯಲ್ಲೂ ಕರೆಂಟ್ ಹರಿಯುತ್ತದೆ, ಕತ್ತಿಗೂ ಬರುತ್ತದೆ. ಲೈನ್ ತುಂಡಾಗಿ ಬಿದ್ದರೆ ನೆಲದಲ್ಲೂ ಇರುತ್ತದೆ, ದೂರ ನಿಲ್ಲಿ. ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಆಫ್ ಮಾಡಿದ ಮೇಲೆ ಮುಟ್ಟಲಿ.

ಬಿಣಗಾ ಬಾಬು: ಇನ್ನೊಂದು ಫಾರ್ವರ್ಡ್: "ಟೆಸ್ಟರ್ ಹಿಡಿದು ನೋಡಿ, ಬಲ್ಬ್ ಹತ್ತದಿದ್ದರೆ ನಿಶ್ಚಿಂತೆಯಿಂದ..."

ವೈರಿಂಗ್ ಅಣ್ಣ: ಬಾಬು ಅವರೇ, ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಗ್ರೂಪಿನಿಂದ ಹೊರಗೆ. ಆ ಟೆಸ್ಟರಿನ ಬಲ್ಬ್ ಹತ್ತುವುದೇ ನಿಮ್ಮ ಮೈ ಮೂಲಕ ಕರೆಂಟ್ ಹಾದರೆ. ಬಿಸಿಲಲ್ಲಿ ಹತ್ತಿದ್ದೂ ಕಾಣುವುದಿಲ್ಲ. ಒದ್ದೆ ಕೈಯಲ್ಲಿ ಹಿಡಿಯುವ ವಸ್ತು ಅಲ್ಲ ಅದು.

ಕಡವಾಡದ ಸೊಸೆ (ಮುಂಬೈ): ಅಣ್ಣ, ಒಳ್ಳೆ ಸುದ್ದಿ. ಕೂಗುವುದು ನಿಂತಿದೆಯಂತೆ. ಬ್ಯಾಟರಿ ಖಾಲಿ ಆಗಿರಬೇಕು. ಈಗ ಹೋಗಬಹುದಾ?

ವೈರಿಂಗ್ ಅಣ್ಣ: ಹುಡುಗನಿಗೆ ಕೇಳಿ, ಅವನ ಮನೆ ಫ್ಯಾನ್ ತಿರುಗುತ್ತಿದೆಯಾ?

ಕಡವಾಡದ ಸೊಸೆ (ಮುಂಬೈ): ತಿರುಗುತ್ತಿದೆಯಂತೆ. ಐದು ನಿಮಿಷದ ಹಿಂದೆ ಕರೆಂಟ್ ಬಂತಂತೆ.

ವೈರಿಂಗ್ ಅಣ್ಣ: ಹಾಗಾದರೆ ಬ್ಯಾಟರಿ ಖಾಲಿ ಆಗಿದ್ದಲ್ಲ, ಚಾರ್ಜ್ ಆಗುತ್ತಿದೆ. ಕಂಬದ ಕರೆಂಟ್ ಮನೆಯೊಳಗೆ ಬಂದಿದೆ, ನೀರಿನ ಜೊತೆ ಇದೆ. ಅವನು ಅಂಗಳವನ್ನೂ ಬಿಟ್ಟು ರಸ್ತೆಗೆ ಬರಲಿ. ಜಗುಲಿಯ ಮೀಟರ್ ಪೆಟ್ಟಿಗೆ ಮುಟ್ಟುವುದು ಬೇಡ. 1912ಕ್ಕೆ ಈಗಲೇ ಮಾಡಿ, "ಮನೆಯೊಳಗೆ ನೀರಿದೆ, ಕಂಬದಲ್ಲೇ ಮನೆಯ ಸರ್ವಿಸ್ ವೈರು ಬಿಡಿಸಿ" ಎಂದು ಇದೇ ಮಾತಲ್ಲಿ ಹೇಳಿ. ನಾನು ಕೋಡಿಬಾಗದಿಂದ ಹೊರಟೆ. ಕೀಲಿ ನನ್ನ ಕೈಗೇ ಕೊಡಲಿ.

ಕಡವಾಡದ ಸೊಸೆ (ಮುಂಬೈ): ರಸ್ತೆಗೆ ಬಂದ. ಫೋನ್ ಮಾಡುತ್ತಿದ್ದೇನೆ.

ಮಾಜಾಳಿ ಮಾಣಿ: ಅಣ್ಣ, ನಮ್ಮ ದೊಡ್ಡಮ್ಮನ ಮನೆ ಫ್ರಿಜ್...